ಕರುವಿನ ಹೊಟ್ಟೆಯ ಜಾಣ ಕಳ್ಳ

ಕರುವಿಗೆ ಭೇದಿ ಶುರುವಾದರೆ ನಾವು ಹೆಚ್ಚಿನವರು ಮಾಡುವುದೇನು? ಹಿಂದಿನ ಸಲ ಉಳಿದ ಮಾತ್ರೆ ಹುಡುಕಿ, ಅರೆದು ಕುಡಿಸುವುದು. ನಾನೂ ಹಾಗೇ ಮಾಡಿದವನು. ಎರಡು ಮಳೆಗಾಲದ ಹಿಂದೆ, ಹನ್ನೆರಡು ದಿನದ ಹೆಣ್ಣು ಕರು. ಸೆಗಣಿ ನೀರಾಯಿತು, ಮಾತ್ರೆ ಕೊಟ್ಟೆ. ಮೂರನೇ ದಿನ ಜ್ವರ, ಸೆಗಣಿಯಲ್ಲಿ ರಕ್ತ. ಡಾಕ್ಟ್ರು ಬರುವಾಗ ಕಣ್ಣು ಗುಳಿ ಬಿದ್ದಿತ್ತು. ಉಳಿಯಲಿಲ್ಲ. ಸಾಲ್ಮೊನೆಲ್ಲಾ ಇರಬಹುದು ಅಂದರು.

ಯಾರದು ಈ ಸಾಲ್ಮೊನೆಲ್ಲಾ ಅಂತ ಹುಡುಕಿಕೊಂಡು ಹೋದೆ. ಓದಿದಷ್ಟೂ ಆಶ್ಚರ್ಯ.

ಕರುಳು ಖಾಲಿ ಜಾಗವಲ್ಲ. ಅಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು ಮೊದಲೇ ಬೀಡುಬಿಟ್ಟಿರುತ್ತವೆ, ಹೊಸಬರಿಗೆ ಸುಲಭಕ್ಕೆ ಜಾಗ ಕೊಡುವುದಿಲ್ಲ. ಕರುಳಿನ ಗೋಡೆಯೂ ಕಾವಲು ಕಾಯುತ್ತದೆ. ಬ್ಯಾಕ್ಟೀರಿಯಾದ ಹೊರಪೊರೆಯನ್ನೇ ತೂತು ಮಾಡುವ ಸಣ್ಣ ಪ್ರೋಟೀನುಗಳನ್ನು ಅದು ಸುರಿಸುತ್ತದೆ. ಸಾಲ್ಮೊನೆಲ್ಲಾದ ಮೈಮೇಲೆ ಈ ಪ್ರೋಟೀನುಗಳನ್ನು ಗುರುತಿಸುವ ಒಂದು 'ಮೂಗು' ಇದೆ ಎಂದು 2005ರಲ್ಲಿ ವಿಜ್ಞಾನಿಗಳು ತೋರಿಸಿದರು. ವಾಸನೆ ಸಿಕ್ಕಿತೋ, ಕಳ್ಳ ಅಂಗಿ ಬದಲಿಸುತ್ತಾನೆ. ಹೊರಪೊರೆಯನ್ನೇ ಮಾರ್ಪಡಿಸಿಕೊಂಡು ಏಟು ತಪ್ಪಿಸಿಕೊಳ್ಳುತ್ತಾನೆ.

ಇನ್ನೊಂದು ಉಪಾಯ ಇದಕ್ಕಿಂತ ಜೋರು. ಟೆಟ್ರಾಥಯೊನೇಟ್ ಎಂಬ ಗಂಧಕದ ರಾಸಾಯನಿಕ ಹಾಕಿದ ದ್ರಾವಣದಲ್ಲಿ ಸಾಲ್ಮೊನೆಲ್ಲಾ ಚೆನ್ನಾಗಿ ಬೆಳೆಯುತ್ತದೆಂದು ಪ್ರಯೋಗಾಲಯದವರಿಗೆ 1923ರಿಂದಲೇ ಗೊತ್ತಿತ್ತು. ಆದರೆ ಹೊಟ್ಟೆಯೊಳಗೆ ಅದು ಎಲ್ಲಿಂದ ಬರಬೇಕು? ಉತ್ತರ ಸಿಕ್ಕಿದ್ದು 2010ರಲ್ಲಿ, ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರ ಇಲಿ ಪ್ರಯೋಗದಲ್ಲಿ. ಸಾಲ್ಮೊನೆಲ್ಲಾ ಬಂದೊಡನೆ ಕರುಳು ಉರಿಯೂತದಿಂದ ಕೆಂಪಾಗುತ್ತದೆ, ಬಿಳಿ ರಕ್ತಕಣಗಳು ನುಗ್ಗಿ ಬರುತ್ತವೆ. ಅವು ಕಳ್ಳನನ್ನು ಸುಡಲು ಬಿಡುವ ಆಮ್ಲಜನಕದ ಅಸ್ತ್ರವೇ ಕರುಳಿನಲ್ಲಿರುವ ಗಂಧಕದ ಸಂಯುಕ್ತವನ್ನು ಟೆಟ್ರಾಥಯೊನೇಟ್ ಮಾಡಿಬಿಡುತ್ತದೆ! ಗಾಳಿಯಿಲ್ಲದ ಕರುಳಿನಲ್ಲಿ ಸಾಲ್ಮೊನೆಲ್ಲಾ ಅದನ್ನೇ ಉಸಿರಾಟಕ್ಕೆ ಬಳಸುತ್ತದೆ. ಆ ವಿದ್ಯೆ ಇಲ್ಲದ ಹಳೆ ಒಕ್ಕಲುಗಳು ಹಿಂದೆ ಬೀಳುತ್ತವೆ. ಕಳ್ಳನನ್ನು ಓಡಿಸಲು ಹಚ್ಚಿದ ಬೆಂಕಿಯಲ್ಲಿ ಅವನೇ ಅನ್ನ ಬೇಯಿಸಿಕೊಂಡ ಹಾಗೆ.

ಈಗ ನನ್ನ ಮಾತ್ರೆಯ ವಿಷಯ. 1950-60ರ ದಶಕಗಳಲ್ಲೇ ಇಲಿಗಳಿಗೆ ಮೊದಲು ಸ್ಟ್ರೆಪ್ಟೊಮೈಸಿನ್ ಕುಡಿಸಿ ನೋಡಿದ್ದಾರೆ. ಮದ್ದು ತಿನ್ನದ ಇಲಿಯಲ್ಲಿ ನೆಲೆಯೂರಲು ಸುಮಾರು ಲಕ್ಷ ಸಾಲ್ಮೊನೆಲ್ಲಾ ಬೇಕಿದ್ದರೆ, ಮದ್ದು ತಿಂದದ್ದರಲ್ಲಿ ಹತ್ತಕ್ಕೂ ಕಡಿಮೆ ಸಾಕಾಯಿತು. ಒಕ್ಕಲುಗಳು ಸತ್ತು ಮನೆ ಖಾಲಿಯಾಗಿತ್ತಲ್ಲ! ನನ್ನ ಕರುವಿನಲ್ಲಿ ಆದದ್ದೂ ಇದೇ ಎಂದು ಹೇಳಲಾರೆ. ಆ್ಯಂಟಿಬಯೋಟಿಕ್ ಬೇಡವೇ ಬೇಡ ಎಂದೂ ಅಲ್ಲ. ರಕ್ತಕ್ಕೆ ವಿಷ ಏರಿದಾಗ ಅದೇ ಜೀವ ಉಳಿಸುವುದು. ಬೇಕೋ ಬೇಡವೋ, ಬೇಕಾದರೆ ಯಾವುದು, ಅದನ್ನು ಡಾಕ್ಟ್ರು ಹೇಳಲಿ. ಅವರು ಬರುವ ತನಕ ಕರುವಿಗೆ ಉಪ್ಪು-ಸಕ್ಕರೆ ಬೆರೆಸಿದ ಪುಡಿಯ ನೀರು ಕುಡಿಸುತ್ತಿರಬೇಕು, ಹಾಲು ಪೂರ್ತಿ ನಿಲ್ಲಿಸಬಾರದು. ಭೇದಿಯಲ್ಲಿ ಹೆಚ್ಚಿನ ಕರುಗಳು ಸಾಯುವುದು ಮೈಯ ನೀರು ಆರಿ. ಸೆಗಣಿ ಮುಟ್ಟಿದ ಕೈ ಸೋಪು ಹಾಕಿ ತೊಳೆಯಿರಿ, ಈ ಕಳ್ಳ ಮನುಷ್ಯರ ಹೊಟ್ಟೆಗೂ ಬರುತ್ತಾನೆ.

ಎಲ್ಲಕ್ಕಿಂತ ಮೊದಲು ಗಿಣ್ಣು ಹಾಲು. ತಾಯಿಯ ರಕ್ತದಲ್ಲಿರುವ ರೋಗನಿರೋಧಕ ಶಕ್ತಿ ಹೊಟ್ಟೆಯಲ್ಲಿರುವ ಕರುವಿಗೆ ದಾಟುವುದಿಲ್ಲ. ಕರು ಹುಟ್ಟುವುದು ಬರಿಗೈಯಲ್ಲಿ. ಗಿಣ್ಣಿನಿಂದ ಅದನ್ನು ಹೀರಿಕೊಳ್ಳುವ ಕರುಳಿನ ಬಾಗಿಲು ಗಂಟೆ ಗಂಟೆಗೂ ಮುಚ್ಚುತ್ತಾ ಬಂದು, ಒಂದು ದಿನದಲ್ಲಿ ಪೂರ್ತಿ ಮುಚ್ಚುತ್ತದೆ. ಇಪ್ಪತ್ತೈದು ಕಿಲೋ ಕರುವಿಗೆ ಮೊದಲ ದಿನ ಎರಡೂವರೆ ಲೀಟರಾದರೂ ಬೇಕು, ಅದರಲ್ಲಿ ಅರ್ಧ ಮೊದಲ ಎರಡು ಗಂಟೆಯೊಳಗೆ.

ಮೊನ್ನೆ ಕೆಂಪಿ ಕರು ಹಾಕಿದ್ದು ರಾತ್ರಿ ಒಂದೂವರೆಗೆ. ಬೆಳಗಾಗಲಿ ಅಂತ ಕಾಯಲಿಲ್ಲ, ಟಾರ್ಚ್ ಹಿಡಿದು ಕೂತು ಕುಡಿಸಿದೆ. ಮನೆಯಲ್ಲಿ ಮಕ್ಕಳು ಗಿಣ್ಣು ಎಲ್ಲಿ ಅಂತ ಕೇಳಿದವು. ಕರು ಕುಡಿದು ಉಳಿದರೆ ನಾಡಿದ್ದು ಅಂದೆ.