ಚಂದ್ರಲೋಕದ ಕಟ್ಟುಕಥೆಗಳು

ಮನುಷ್ಯನು ಚಂದ್ರನ ಮೇಲೆ ಕಾಲಿಡುವುದಕ್ಕೆ ಸುಮಾರು 1800 ವರ್ಷಗಳಷ್ಟು ಮೊದಲೇ, ಲೂಸಿಯನ್ ಎಂಬ ಗ್ರೀಕ್ ಲೇಖಕನು, ತಾನು ಹೇಳಹೊರಟಿರುವುದೆಲ್ಲ ಶುದ್ಧ ಸುಳ್ಳೆಂದು ಆರಂಭದಲ್ಲಿಯೇ ಒಪ್ಪಿಕೊಂಡು, ಸುಂಟರಗಾಳಿಗೆ ಸಿಕ್ಕ ಹಡಗೊಂದನ್ನು ಏಳು ಹಗಲು ಏಳು ಇರುಳು ಗಗನದಲ್ಲಿ ತೇಲಿಸಿ ಚಂದ್ರಲೋಕಕ್ಕೆ ಮುಟ್ಟಿಸಿದನು. ಸೂರ್ಯಲೋಕದವರಿಗೂ ಚಂದ್ರಲೋಕದವರಿಗೂ ನಡೆದ ಯುದ್ಧದ ವರ್ಣನೆ ಅಲ್ಲಿ ರಸವತ್ತಾಗಿದೆ. ಆದರೆ ಅದು ಪ್ರವಾಸಕಥನಕಾರರನ್ನು ಗೇಲಿಮಾಡಲು ಹೂಡಿದ ವಿನೋದವೇ ಹೊರತು ಚಂದ್ರನ ವಿಷಯವಾದ ಜಿಜ್ಞಾಸೆಯಲ್ಲ.

ಆ ಜಿಜ್ಞಾಸೆಯನ್ನು ಕಥೆಯೊಳಕ್ಕೆ ತಂದವನು, ಗ್ರಹಗಳ ಪಥವು ದೀರ್ಘವೃತ್ತವೆಂದು ತೋರಿಸಿಕೊಟ್ಟ ಜೊಹಾನ್ಸ್ ಕೆಪ್ಲರ್. ಅವನ ‘ಸೋಮ್ನಿಯಮ್’ ಕೃತಿಯಲ್ಲಿ, ಐಸ್‌ಲ್ಯಾಂಡಿನಲ್ಲಿ ಗಿಡಮೂಲಿಕೆ ಮಾರಿ ಜೀವಿಸುವ ಹೆಂಗಸೊಬ್ಬಳು ತನಗೆ ವಶವಾದ ಭೂತವೊಂದನ್ನು ಕರೆದು, ಅದರ ಬಾಯಿಂದ ಮಗನಿಗೆ ಚಂದ್ರಲೋಕದ ವೃತ್ತಾಂತವನ್ನು ಕೇಳಿಸುತ್ತಾಳೆ. ಭೂತವೆಂದ ಮಾತ್ರಕ್ಕೆ ವಿಜ್ಞಾನಿ ಸುಮ್ಮನಾಗಲಿಲ್ಲ: ಗ್ರಹಣದ ನೆರಳು ಇರುವಷ್ಟರಲ್ಲಿಯೇ, ನಾಲ್ಕು ತಾಸುಗಳೊಳಗೆ, ಪ್ರಯಾಣ ಮುಗಿಯಬೇಕೆಂದೂ, ಹೊರಡುವಾಗಿನ ಆಘಾತವನ್ನು ತಾಳುವಂತೆ ಯಾತ್ರಿಕರಿಗೆ ಅಫೀಮಿನಂಥ ಮದ್ದನ್ನು ಕೊಡಬೇಕೆಂದೂ, ಮೇಲೆ ಉಸಿರಾಟ ಕಷ್ಟವಾದುದರಿಂದ ಮೂಗಿಗೆ ಒದ್ದೆಯ ಸ್ಪಂಜನ್ನು ಹಿಡಿಯಬೇಕೆಂದೂ ಅವನು ವಿಧಿಸುತ್ತಾನೆ. ಚಂದ್ರನಿಂದ ನೋಡುವವರಿಗೆ ಭೂಮಿಯು ಉದಯಾಸ್ತಗಳಿಲ್ಲದೆ ಆಕಾಶದ ಒಂದೇ ಎಡೆಯಲ್ಲಿ ತೂಗಿದಂತಿರುವುದೆಂಬ ಸತ್ಯವೂ ಅಲ್ಲಿದೆ.

ದುರ್ದೈವವೆಂದರೆ, ಕೆಪ್ಲರನ ನಿಜವಾದ ತಾಯಿ ಕಥರೀನಳೂ ಮೂಲಿಕೆಗಳ ಮದ್ದನ್ನು ಬಲ್ಲವಳಾಗಿದ್ದಳು. 1615ರಲ್ಲಿ ಅವಳ ಮೇಲೆ ಮಾಟಗಾತಿಯೆಂಬ ಆರೋಪ ಬಂದಿತು. 1620ರಿಂದ ಹದಿನಾಲ್ಕು ತಿಂಗಳು ಆ ಮುದುಕಿ ಸೆರೆಯಲ್ಲಿದ್ದಳು. ಮಗನೇ ಮುಂದೆ ನಿಂತು ವಾದಿಸಿ ಬಿಡಿಸಿಕೊಂಡನಾದರೂ, ಬಿಡುಗಡೆಯ ಮರುವರ್ಷವೇ ಅವಳು ತೀರಿಕೊಂಡಳು. ಕೈಯಿಂದ ಕೈಗೆ ಹರಿದಾಡಿದ ತನ್ನ ಹಸ್ತಪ್ರತಿಯೂ ಈ ಅಪವಾದಕ್ಕೆ ಎಣ್ಣೆ ಹೊಯ್ದಿತೆಂದು ನಂಬಿದ್ದ ಕೆಪ್ಲರ್, ಕಥೆಯ ಒಂದೊಂದು ಅಂಶಕ್ಕೂ ಕಾರಣ ಕೊಡುತ್ತ 223 ಟಿಪ್ಪಣಿಗಳನ್ನು ಬರೆದನು. ಅವು ಕಥೆಗಿಂತ ದೀರ್ಘವಾಗಿವೆ. ನನಗೆ ಕೇಳಿದರೆ, ಕಥೆಗಿಂತ ಸ್ವಾರಸ್ಯವಾಗಿಯೂ ಇವೆ. ಪುಸ್ತಕವು ಬೆಳಕು ಕಂಡುದು ಅವನು ಕಾಲವಾದ ಮೇಲೆ, 1634ರಲ್ಲಿ.

1865ರಲ್ಲಿ ಫ್ರಾನ್ಸಿನ ಜೂಲ್ಸ್ ವರ್ನ್ ಭೂತವನ್ನು ಕೈಬಿಟ್ಟು ಫಿರಂಗಿಯನ್ನು ಹಿಡಿದನು. ಫ್ಲಾರಿಡಾದ ನೆಲದಲ್ಲಿ ಹೂತ 900 ಅಡಿ ಉದ್ದದ ಆ ಫಿರಂಗಿಯು ಅಲ್ಯೂಮಿನಿಯಮ್ ಗುಂಡನ್ನು ಸೆಕೆಂಡಿಗೆ ಸುಮಾರು 11 ಕಿಲೋಮೀಟರ್ ವೇಗದಲ್ಲಿ ಸಿಡಿಸುತ್ತದೆ. ಭೂಮಿಯ ಸೆಳೆತದಿಂದ ಪಾರಾಗಲು ಬೇಕಾದ ವೇಗವೂ ಹೆಚ್ಚುಕಡಿಮೆ ಅಷ್ಟೇ. ಆದರೆ ಅಷ್ಟು ಗಿಡ್ಡ ನಳಿಗೆಯೊಳಗೆ ಅಷ್ಟು ವೇಗವನ್ನು ಪಡೆಯಬೇಕಾದರೆ ಪ್ರಯಾಣಿಕನ ಮೈಮೇಲೆ ಅವನ ತೂಕದ ಇಪ್ಪತ್ತು ಸಾವಿರ ಪಟ್ಟಿಗೂ ಮಿಕ್ಕ ಭಾರ ಬೀಳುವುದರಿಂದ, ವರ್ನ್ ಗುಂಡಿನೊಳಗಿನ ನೆಲದಡಿಯಲ್ಲಿ ಇರಿಸಿದ ನೀರಿನ ಮೆತ್ತೆ ಯಾವ ಮೂಲೆಗೂ ಸಾಲದು. ಕಾದಂಬರಿಯ ಮುಂದಿನ ಭಾಗದಲ್ಲಿ ಮೂವರು ಯಾತ್ರಿಕರಿಗೆ ಮೂರ್ಛೆ ಬಂದಿತಷ್ಟೆ; ಪಾಪ, ಪೆಟ್ಟುತಿಂದ ನಾಯಿಯೊಂದು ಸತ್ತಿತು! ಇಂಥ ವರ್ನ್, ಗುರುತ್ವವನ್ನೇ ತಡೆಯುವ ವಸ್ತುವೊಂದನ್ನು ಕಲ್ಪಿಸಿ 1901ರ ಕಾದಂಬರಿಯಲ್ಲಿ ಚಂದ್ರನಿಗೆ ಹಾರಿದ ಎಚ್. ಜಿ. ವೆಲ್ಸನನ್ನು, ಅಂಥ ಲೋಹವಿದ್ದರೆ ತೋರಿಸಲಿ ಎಂದು ಆಕ್ಷೇಪಿಸಿದುದು ಸಾಹಿತ್ಯದ ಸೋಜಿಗಗಳಲ್ಲೊಂದು.

ಆದರೂ ವರ್ನನ ತಪ್ಪು ವ್ಯರ್ಥವಾಗಲಿಲ್ಲ. ಟ್ರಾನ್ಸಿಲ್ವೇನಿಯಾದ ಹರ್ಮನ್ ಓಬರ್ಟ್ ಬಾಲ್ಯದಲ್ಲಿಯೇ ಅದನ್ನು ಓದಿ, ಲೆಕ್ಕ ಹಾಕಿ, ಫಿರಂಗಿಯ ಹಾದಿ ಸಾವಿನ ಹಾದಿಯೆಂದು ಕಂಡುಕೊಂಡು, ವೇಗವನ್ನು ಮೆಲ್ಲಮೆಲ್ಲನೆ ಏರಿಸಬಲ್ಲ ರಾಕೆಟ್ಟಿನತ್ತ ತಿರುಗಿದನು. 1929ರಲ್ಲಿ ಫ್ರಿಟ್ಸ್ ಲಾಂಗ್ ನಿರ್ಮಿಸಿದ ಚಂದ್ರಯಾತ್ರೆಯ ಚಲಚ್ಚಿತ್ರಕ್ಕೆ ವೈಜ್ಞಾನಿಕ ಸಲಹೆ ಕೊಟ್ಟವನೂ ಅವನೇ. ಇಂದು ಶ್ರೀಹರಿಕೋಟೆಯಲ್ಲಿ ಕೇಳುವ ಆ ಹಿಮ್ಮೊಗದ ಕ್ಷಣಗಣನೆ ಜನಪ್ರಿಯವಾದುದು ಆ ಚಿತ್ರದಿಂದಲೇ. 1969ರ ಜುಲೈ ತಿಂಗಳಲ್ಲಿ ಅಪೋಲೋ 11 ಫ್ಲಾರಿಡಾದಿಂದ ಮೇಲೇರಿದಾಗ, 75 ವರ್ಷದ ಓಬರ್ಟ್ ಅದನ್ನು ಅಲ್ಲಿಯೇ ನಿಂತು ನೋಡಿದನು.