ರೋಬೋಟ್ ಹತ್ತಿರ ಎಡಕ್ಕೆ ತಿರುಗಿ!

ಜೊಹಾನ್ಸ್‌ಬರ್ಗ್‌ನಲ್ಲಿ ದಾರಿ ಕೇಳಿ ನೋಡಿ. ‘ಎರಡನೇ ರೋಬೋಟ್ ಹತ್ತಿರ ಎಡಕ್ಕೆ ತಿರುಗಿ’ ಅಂತಾರೆ. ಗಾಬರಿ ಬೇಡ, ಅದು ಟ್ರಾಫಿಕ್ ಸಿಗ್ನಲ್! ಕೈ ತೋರಿಸಿ ಗಾಡಿ ನಿಲ್ಲಿಸುತ್ತಿದ್ದ ಪೊಲೀಸರ ಕೆಲಸಕ್ಕೆ ಯಂತ್ರ ಬಂದಾಗ, ಜನ ಅದನ್ನು ‘ರೋಬೋಟ್ ಪೊಲೀಸ್’ ಅಂದರು. ಬಹಳಷ್ಟು ಕಡೆ ಆ ಹೆಸರು ಮರೆತೇಹೋಯ್ತು. ದಕ್ಷಿಣ ಆಫ್ರಿಕಾದಲ್ಲಂತೂ ರಸ್ತೆ ಫಲಕದ ಮೇಲೂ ಉಳಿದಿದೆ, ಎಷ್ಟು ಚಂದ ಅಲ್ವಾ!

ನಿಜವಾಗಿ ಎಡವಿಸೋದು ‘ಜಸ್ಟ್ ನೌ’. ನಮಗೆ ಅದು ಈಗಷ್ಟೇ ಆದದ್ದು. ಅಲ್ಲಿ? ಆಮೇಲೆ ಯಾವಾಗಲೋ. ಅರ್ಧ ಗಂಟೆಯೂ ಆಗಬಹುದು, ಸಂಜೆಯೂ ಆಗಬಹುದು. ಆಫ್ರಿಕಾನ್ಸ್ ಭಾಷೆಯ ‘ನೆಟ್‌ನೋ’ ಹೀಗೆ ಇಂಗ್ಲಿಷಿಗೆ ನುಸುಳಿದೆ. ಬೇಗ ಅನ್ನೋಕೆ ‘ನೌ ನೌ’ ಅಂತಾರೆ.

ಟ್ಯಾಕ್ಸಿಯವರು ‘ಜಸ್ಟ್ ನೌ’ ಬರ್ತೀನಿ ಅಂದರೆ ಗೇಟಿನ ಹತ್ತಿರ ಕಾಯಬೇಡಿ. ಎಷ್ಟು ನಿಮಿಷ ಅಂತ ಕೇಳಿಬಿಡಿ.