ಒಂದು ಕೇಬಲ್, ಎರಡು ಉದ್ದ

ಅಂಗಡಿಯಲ್ಲಿ ಐದು ಮೀಟರ್ ಅಳೆದು ಕೊಟ್ಟ ಬಟ್ಟೆ ಮನೆಗೆ ಬಂದಮೇಲೂ ಐದು ಮೀಟರೇ ಇರುವುದಷ್ಟೆ? ಆದರೆ ಆಂಟೆನಾದಿಂದ ರೇಡಿಯೋ ಗ್ರಾಹಕಕ್ಕೆ ಸಂಕೇತವನ್ನು ಒಯ್ಯುವ ಕೇಬಲ್ಲಿಗೆ ಎರಡು ಉದ್ದಗಳುಂಟು. ಅಳತೆಪಟ್ಟಿ ಹೇಳುವುದು ಒಂದು. ಅದರೊಳಗೆ ಸಾಗುವ ಅಲೆ ಹೇಳುವುದು ಇನ್ನೊಂದು. ಈ ಎರಡನೆಯದಕ್ಕೆ ವೈದ್ಯುತ ಉದ್ದವೆಂದು ಹೆಸರು.

ಈ ವ್ಯತ್ಯಾಸಕ್ಕೆ ಕಾರಣವೇನು? ಕೇಬಲ್ಲನ್ನು ಕತ್ತರಿಸಿ ನೋಡಿದರೆ ನಡುವೆ ತಾಮ್ರದ ತಂತಿಯೊಂದು, ಹೊರಗೆ ತಂತಿಯ ಹೆಣಿಗೆ, ಇವೆರಡರ ನಡುವೆ ಪಾಲಿಥೀನ್ ಕಾಣುವುವು. ಅಲೆ ಸಾಗುವುದು ಈ ನಡುವಣ ಪಾಲಿಥೀನಿನಲ್ಲಿ. ಶೂನ್ಯಾಕಾಶದಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೊಮೀಟರ್ ಓಡುವ ಅಲೆ, ಘನ ಪಾಲಿಥೀನಿನಲ್ಲಿ ಸುಮಾರು 2 ಲಕ್ಷ ಕಿಲೊಮೀಟರ್ ಮಾತ್ರ ಓಡಬಲ್ಲುದು. ಆದುದರಿಂದ 1 ಮೀಟರ್ ಕೇಬಲ್ಲನ್ನು ದಾಟುವ ಹೊತ್ತಿನಲ್ಲಿ ಅದು ಹೊರಗೆ ಒಂದೂವರೆ ಮೀಟರ್ ಸಾಗಿರುತ್ತಿತ್ತು. ಪ್ಲಾಸ್ಟಿಕ್ ನೊರೆಯಂತಿದ್ದು ಗಾಳಿಗುಳ್ಳೆಗಳಿಂದ ತುಂಬಿದ್ದರೆ ವೇಗ ಇನ್ನೂ ಹೆಚ್ಚು. ತಯಾರಿಕೆಯಲ್ಲಿ ಸ್ವಲ್ಪ ವ್ಯತ್ಯಾಸವಾದರೂ ಈ ಪ್ರಮಾಣ ಬದಲಾಗುವುದರಿಂದ, ನಿಖರತೆ ಬೇಕಾದೆಡೆಯಲ್ಲಿ ಪ್ರತಿಯೊಂದು ಕೇಬಲ್ಲನ್ನೂ ಅಳೆದೇ ತಿಳಿಯಬೇಕು.

ಅಳೆಯದಿದ್ದರೆ ನಷ್ಟವೇನು? ಬೆಂಗಳೂರಿನ ಉತ್ತರಕ್ಕಿರುವ ಗೌರಿಬಿದನೂರಿನ ಬಳಿ 1970ರ ದಶಕದಲ್ಲಿ ರಾಮನ್ ಸಂಶೋಧನಾ ಸಂಸ್ಥೆಯೂ ಭಾರತೀಯ ಖಭೌತ ಸಂಸ್ಥೆಯೂ ಕೂಡಿ ಒಂದು ರೇಡಿಯೋ ದೂರದರ್ಶಕವನ್ನು ಕಟ್ಟಿದುವು. ಅದರಲ್ಲಿ ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ನಿಲ್ಲಿಸಿದ 1000 ಆಂಟೆನಾಗಳಿದ್ದುವು. ಅದು ಆಲಿಸುತ್ತಿದ್ದುದು 34.5 ಮೆಗಾಹರ್ಟ್ಸ್ ಆವರ್ತಾಂಕದ ಅಲೆಗಳನ್ನು. ಈ ಅಲೆಯ ಉದ್ದ ಸುಮಾರು 8.7 ಮೀಟರ್. ಘನ ಪಾಲಿಥೀನಿನ ಕೇಬಲ್ಲಿನಲ್ಲಿ ಅದು 5.8 ಮೀಟರಿಗೆ ಕುಗ್ಗುವುದು. ಇಂಥ ವ್ಯೂಹದಲ್ಲಿ ಒಂದು ಆಂಟೆನಾದ ಕೇಬಲ್ ನೆರೆಯದಕ್ಕಿಂತ 2.9 ಮೀಟರ್ ಹೆಚ್ಚಾಯಿತೆನ್ನಿ. ಆಗ ನೆತ್ತಿಯ ಮೇಲಿನಿಂದ ಏಕಕಾಲಕ್ಕೆ ಬಂದ ಅಲೆಗಳಲ್ಲಿ ಒಂದರ ಉಬ್ಬು ಇನ್ನೊಂದರ ತಗ್ಗಿನೊಡನೆ ಕೂಡಿ ಎರಡೂ ಅಳಿಸಿಹೋಗುವುವು! ಕೋಟ್ಯಂತರ ಕಿಲೊಮೀಟರ್ ದಾಟಿ ಬಂದ ಕ್ಷೀಣ ಸಂಕೇತ, ಕೊನೆಯ ಕೆಲವು ಮೀಟರುಗಳಲ್ಲಿ ನಷ್ಟವಾಗುವುದು.

ಅಳೆಯುವ ಉಪಾಯ ಬಹು ಸರಳ. ಸಂಕೇತೋತ್ಪಾದಕವನ್ನು ಒಂದು ಮಾಪಕಕ್ಕೆ ಜೋಡಿಸಿ, ಆ ದಾರಿಗೆ ಕವಲಾಗಿ ನಮ್ಮ ಕೇಬಲ್ಲನ್ನು ಸೇರಿಸಬೇಕು. ಅದರ ಇನ್ನೊಂದು ತುದಿ ತೆರೆದಿರಲಿ. ಕೆಳಗಿನಿಂದ ಆವರ್ತಾಂಕವನ್ನು ಮೆಲ್ಲಮೆಲ್ಲನೆ ಏರಿಸುತ್ತ ಹೋದಂತೆ ಒಂದೆಡೆ ಮಾಪಕದ ಮುಳ್ಳು ತಟ್ಟನೆ ಕುಸಿಯುವುದು. ಕೇಬಲ್ಲಿನ ಉದ್ದ ಅಲೆಯ ಕಾಲುಭಾಗಕ್ಕೆ ಸಮನಾದ ಕ್ಷಣವಿದು. ತೆರೆದ ತುದಿಯನ್ನು ಮುಟ್ಟಿ ಮರಳುವಷ್ಟರಲ್ಲಿ ಅಲೆ ಅರ್ಧ ಅಲೆಯುದ್ದ ಹಿಂದೆ ಬಿದ್ದು, ಹೊರಟ ಜಾಗದಲ್ಲಿಯೇ ಹೊಸ ಅಲೆಯನ್ನು ಎದುರಿಸಿ ಅಳಿಸುವುದು.

ಈ ಮೊದಲ ಕುಸಿತ 10 ಮೆಗಾಹರ್ಟ್ಸಿನಲ್ಲಿ ಕಂಡಿತೆನ್ನೋಣ. ಶೂನ್ಯಾಕಾಶದಲ್ಲಿ ಆ ಅಲೆಯ ಉದ್ದ 30 ಮೀಟರ್. ಅದರ ಕಾಲುಭಾಗ 7.5 ಮೀಟರ್. ಇದೇ ಕೇಬಲ್ಲಿನ ವೈದ್ಯುತ ಉದ್ದ. ಪಟ್ಟಿಯಿಂದ ಅಳೆದಾಗ 5 ಮೀಟರ್ ಬಂದರೆ, ಒಳಗಿನ ವೇಗ ಹೊರಗಿನದರ ಮೂರರಲ್ಲಿ ಎರಡು ಪಾಲೆಂದು ತಿಳಿಯಿತು. ಮುಂದಿನ ಕುಸಿತ 30 ಮೆಗಾಹರ್ಟ್ಸಿನಲ್ಲಿ ಕಾಣುವುದು. ಅಲ್ಲಿ ಕೇಬಲ್ ಮುಕ್ಕಾಲು ಅಲೆಯುದ್ದವಾಗಿರುವುದು. ಮೊದಲನೆಯದನ್ನು ಬಿಟ್ಟು ಇದನ್ನು ಹಿಡಿದರೆ ಲೆಕ್ಕ ಮೂರು ಪಟ್ಟು ತಪ್ಪುವುದು. ಎಚ್ಚರ!

ಇನ್ನೊಂದು ಮಾರ್ಗವೂ ಉಂಟು. ಬೆಟ್ಟದ ಕಡೆಗೆ ಕೂಗಿ ಮಾರ್ದನಿಗೆ ಕಾಯುವಂತೆ, ಕೇಬಲ್ಲಿನೊಳಕ್ಕೆ ಕ್ಷಣಿಕ ಸ್ಪಂದವೊಂದನ್ನು ಕಳುಹಿಸಿ ಅದು ಮರಳುವ ಕಾಲವನ್ನು ಅಳೆಯುವುದು. ನಮ್ಮ 5 ಮೀಟರ್ ಕೇಬಲ್ಲಿನಲ್ಲಿ ಹೋಗಿ ಬರಲು 50 ನ್ಯಾನೊಸೆಕೆಂಡ್ ಸಾಕು. ಒಂದು ನ್ಯಾನೊಸೆಕೆಂಡ್ ಎಂದರೆ ಸೆಕೆಂಡಿನ ನೂರು ಕೋಟಿಯ ಒಂದು ಪಾಲು. ಮಾರ್ದನಿ ಅದಕ್ಕಿಂತ ಬೇಗ ಬಂದರೆ ನಡುವೆ ಎಲ್ಲಿಯೋ ಕೇಬಲ್ ಕೆಟ್ಟಿದೆಯೆಂದೂ, ಎಷ್ಟು ದೂರದಲ್ಲಿ ಕೆಟ್ಟಿದೆಯೆಂದೂ ತಿಳಿಯಬಹುದು.

ಕಾಲೇಜಿನ ಪ್ರಯೋಗಾಲಯದಲ್ಲಿ ಸಂಕೇತೋತ್ಪಾದಕವೂ ಅಷ್ಟೇ ಆವರ್ತಾಂಕವನ್ನು ತೋರಬಲ್ಲ ಆಸಿಲೋಸ್ಕೋಪೂ ಇದ್ದರೆ ವಿದ್ಯಾರ್ಥಿಗಳು ಮೊದಲನೆಯ ಪ್ರಯೋಗವನ್ನು ಅಧ್ಯಾಪಕರ ನೆರವಿನಿಂದ ತಾವೇ ಮಾಡಿ ನೋಡಬಹುದು. ಒಮ್ಮೆ ಘನ ಪಾಲಿಥೀನಿನ ಕೇಬಲ್ಲಿನಿಂದಲೂ, ಇನ್ನೊಮ್ಮೆ ಅಷ್ಟೇ ಉದ್ದದ ನೊರೆಪ್ಲಾಸ್ಟಿಕ್ಕಿನ ಟೆಲಿವಿಷನ್ ಕೇಬಲ್ಲಿನಿಂದಲೂ ಮಾಡಲಿ. ಪಟ್ಟಿಗೆ ಎರಡೂ ಒಂದೇ ಉದ್ದ. ಆದರೆ ಮುಳ್ಳು ಕುಸಿಯುವ ಆವರ್ತಾಂಕಗಳು ಬೇರೆ ಬೇರೆ.